ಅನ್ನ ಬಿಟ್ಟ ಅಕ್ಕಿ ವ್ಯಾಪಾರಿ

ಮೊನ್ನೆ ನಮ್ಮ ಮೊಮ್ಮಗಳು ದೇವರ ಗೂಡಿನ ಪಕ್ಕದಲ್ಲಿ ಒಂದು ಗಾಜಿನ ನಳಿಗೆ ನಿಲ್ಲಿಸಿ, ಅದಕ್ಕೆ ನೀರು ಹಾಕಿ, ಒಂದು ಗುಲಾಬಿ ಸಿಕ್ಕಿಸಿದ್ದಳು. “ಅಜ್ಜಾ, ಎಷ್ಟ ಚಂದ ಕಾಣತೈತಿ ನೋಡು” ಎಂದಳು. ಚಂದವೇ ಕಾಣುತ್ತಿತ್ತು. ಆದರೆ ಹಳೆಯ ಟ್ರಂಕಿನ ತಳದಿಂದ ಅವಳು ಹೆಕ್ಕಿ ತಂದಿದ್ದ ಆ ನಳಿಗೆಯಲ್ಲಿ ಒಂದು ಕಾಲಕ್ಕೆ ಏನು ಕುದಿಯುತ್ತಿತ್ತು ಎಂಬುದು ನನಗೆ ಗೊತ್ತು. ದೇವರಿಗೂ ಗೊತ್ತಿರಬೇಕು. ನಾವಿಬ್ಬರೂ ಸುಮ್ಮನಿದ್ದೆವು.

ಅವಳು ಆಡಲು ಹೋದ ಮೇಲೆ ಅದನ್ನು ಮೆಲ್ಲಗೆ ಎತ್ತಿ ಕಿಟಕಿಯ ಕಟ್ಟೆಗೆ ಸಾಗಿಸಿದೆ. ಬೆರಳಿಗೆ ಗಾಜು ತಾಗಿದ್ದೇ ತಡ, ಅದನ್ನು ಬೆಳಕಿಗೆ ಎತ್ತಿ ಹಿಡಿದು ನೀರಿನ ಬಣ್ಣ ನೋಡಿದೆ. ಹೆದರಿಕೆಯಿಂದಲ್ಲ, ಹುರುಪಿನಿಂದ. ಈಗ ಏನು ಬಣ್ಣ ಬರುತ್ತದೋ, ಈ ಸಲ ಏನು ಬಣ್ಣ ಬರುತ್ತದೋ ಎಂದು ಇಡೀ ಮನೆ ಹಿತ್ತಲಲ್ಲಿ ಕೂಡಿ ನಿಂತು ಕಾಯುತ್ತಿದ್ದ ದಿನಗಳ ಹುರುಪು ಅದು. ಇಷ್ಟು ವರ್ಷವಾದರೂ ಆರಿಲ್ಲ ನೋಡಿ. ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಆಗ ನಾನು ಹಾನಗಲ್ಲಿನಲ್ಲಿ ಅಕ್ಕಿ ವ್ಯಾಪಾರಿ. ಎರಡನೆಯ ಮಹಾಯುದ್ಧವೂ ಅದರ ರೇಶನ್ನೂ ಇನ್ನೂ ಶುರುವಾಗಿರಲಿಲ್ಲ. ಅಕ್ಕಿಯನ್ನು ಯಾರು ಬೇಕಾದರೂ ತರಬಹುದಾಗಿತ್ತು, ಯಾರು ಬೇಕಾದರೂ ಕೊಳ್ಳಬಹುದಾಗಿತ್ತು. ಮನೆಯ ಮುಂಭಾಗವೇ ಅಂಗಡಿ, ಹಿಂಭಾಗ ವಾಸ. ಅಕ್ಕಿಯನ್ನು ಅಂಗೈಯಲ್ಲಿ ಉಜ್ಜಿ, ಒಂದು ಕಾಳು ಹಲ್ಲಿನಲ್ಲಿ ಕಡಿದು, ದರ ಹೇಳುವ ವ್ಯಾಪಾರಿಗಳು ಪೇಟೆಯಲ್ಲಿ ಬೇಕಾದಷ್ಟು ಜನ ಇದ್ದರು. ನಮ್ಮ ಮನೆಯ ಪದ್ಧತಿ ಹಾಗಲ್ಲ. ನಮ್ಮ ಅಪ್ಪನ ಕಾಲದಿಂದಲೂ ಯಾವ ಮಾಲು ಬಂದರೂ ಅದರಿಂದ ಒಂದು ಬೊಗಸೆ ತೆಗೆದು, ಸಣ್ಣ ಬೋಗುಣಿಯಲ್ಲಿ ಬೇಯಿಸಿ, ಉಂಡು ನೋಡಿ, ಆಮೇಲೆ ಮಾತು. ಇದಕ್ಕೆ ‘ಮಾದರಿ’ ಎಂದು ಹೆಸರು. ಮಾಲು ತಂದವರು ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ, ಒಳಗೆ ನಾನು ಉಂಡು ಮುಗಿಸುವುದನ್ನು ಪರೀಕ್ಷೆ ಬರೆದ ಹುಡುಗರಂತೆ ಕಾಯುತ್ತಿದ್ದರು.

ಈ ಮಾದರಿಯ ಕೆಲಸ ಹೊರಗಿನವರು ತಿಳಿದಷ್ಟು ಸುಲಭವಲ್ಲ. ಬರೀ ಅನ್ನ ಉಂಡರೆ ಅಕ್ಕಿಯ ಗುಣ ತಿಳಿಯುವುದಿಲ್ಲ, ಸಾರಿಗೆ ಹೇಗೆ ಕೂಡುತ್ತದೆ ಎಂದು ನೋಡಬೇಕು. ಸಾರು ಎಂದ ಮೇಲೆ ತುಪ್ಪ ಬೇಕೇ ಬೇಕು. ಕೊನೆಗೆ ಮೊಸರು ಹಾಕಿದಾಗ ಅಗುಳು ಒಡೆಯುತ್ತದೆಯೋ ನಿಲ್ಲುತ್ತದೆಯೋ ಎಂಬುದನ್ನೂ ನೋಡದಿದ್ದರೆ ಮಾಲು ತಂದವನಿಗೆ ಅನ್ಯಾಯ ಮಾಡಿದ ಹಾಗೆ. ಹೀಗೆ ನ್ಯಾಯಕ್ಕೆ ಕಟ್ಟುಬಿದ್ದು ಬಿದ್ದು ನನ್ನ ಹೊಟ್ಟೆ ಅಂಗಿಯ ಗುಂಡಿಗಳಿಗೆ ಮೀರಿ ಬೆಳೆದಿತ್ತು. ಇಷ್ಟೆಲ್ಲ ವ್ಯಾಪಾರದ ಲೆಕ್ಕಕ್ಕೆ. ಊಟದ ಲೆಕ್ಕ ಬೇರೆಯೇ. ಮಧ್ಯಾಹ್ನ ತಟ್ಟೆಯ ಮುಂದೆ ಕೂತಾಗ, “ಬೆಳಗಿಂದ ಬಾಯಾಗ ಏನೂ ಹಾಕಿಲ್ಲ” ಎಂದೇ ಕೂರುತ್ತಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಒಂದು ದಿನವೂ ಅನಿಸಿರಲಿಲ್ಲ.

ಹೊಸ ಅಂಬೆಮೋರಿ ಅಕ್ಕಿ ಬೇಯುವಾಗಿನ ವಾಸನೆ ನಿಮಗೆ ಗೊತ್ತಿದ್ದರೆ ನನ್ನನ್ನು ಬೈಯಲಾರಿರಿ. ಬೋಗುಣಿಯ ಮುಚ್ಚಳ ಅಲುಗಿದರೆ ಸಾಕು, ಓಣಿಯ ಆ ತುದಿಯಲ್ಲಿದ್ದವನಿಗೂ ಮನೆ ನೆನಪಾಗುತ್ತಿತ್ತು.

ಇರಲಿ, ಇದಕ್ಕೆಲ್ಲ ಮೂಲವಾದ ನನ್ನ ಕಾಲ್ಬೆರಳಿನ ಮಾತಿಗೆ ಬರುತ್ತೇನೆ. ಹೊಸ ಕಾಲ್ಮರಿ ಮೆಟ್ಟಿಕೊಂಡು ಪೇಟೆಗೆ ಹೋಗಿದ್ದೆ. ಅದು ಎಡಗಾಲಿನ ಹೆಬ್ಬೆರಳಿಗೆ ಕಚ್ಚಿತು. ಕಾಲ್ಮರಿ ಕಚ್ಚುವುದು ದೊಡ್ಡ ಮಾತಲ್ಲ, ಅರಿಶಿನ ಎಣ್ಣೆ ಹಚ್ಚಿದರೆ ನಾಲ್ಕು ದಿನದಲ್ಲಿ ಮಾಯುತ್ತದೆ. ಇದು ಮಾಯಲಿಲ್ಲ. ಬೆರಳು ಕಪ್ಪಾಗುತ್ತ ಬಂತು. ವಿಚಿತ್ರವೆಂದರೆ ನೋವೂ ಇರಲಿಲ್ಲ. ನೋವಿಲ್ಲವಲ್ಲ ಎಂದು ನಾನು ಆರಾಮಾಗಿ ಮಾದರಿ ಉಣ್ಣುತ್ತ ಕೂತಿದ್ದೆ.

ಮೊದಲು ಸಂಶಯ ಬಂದದ್ದು ನಮ್ಮ ಅವ್ವನಿಗೆ, ಅದೂ ಬೆರಳು ನೋಡಿ ಅಲ್ಲ. ಒಂದು ಬೆಳಿಗ್ಗೆ ಬಚ್ಚಲಿನಿಂದ ಹೊರಗೆ ಬಂದವಳೇ, “ಈರ್ಯಾ, ನೀ ಹೋಗಿ ಬಂದ ಜಾಗಾದಾಗ ಇರಿವಿ ಮುಕರ್ಯಾವಲ್ಲೋ. ನೀ ಏನ ಉಚ್ಚಿ ಬದಲಿ ಬೆಲ್ಲಾ ಹೊಯ್ತಿಯೇನು?” ಎಂದು ಅಂಗಡಿಯಲ್ಲಿ ಕೂತ ಗಿರಾಕಿಗಳಿಗೂ ಕೇಳುವ ಹಾಗೆ ಕೂಗಿದಳು. ಮಾನ ಹೋಯಿತು ಎಂದುಕೊಂಡೆ. ಹೋಗಬೇಕಾದದ್ದು ಹೋಯಿತು, ಡಾಕ್ಟರ ಕಡೆಗೂ ಹೋದೆ.

ನಮ್ಮೂರಿನ ಡಾಕ್ಟರು ಪುಣೆಯಲ್ಲಿ ಕಲಿತು ಬಂದವರು. ವಯಸ್ಸಿನಲ್ಲಿ ನನಗಿಂತ ಸಣ್ಣವರು, ಮೈಯಲ್ಲಂತೂ ನನ್ನ ಅರ್ಧ. ಮಾತು ಮಾತ್ರ ಕಡ್ಡಿ ಮುರಿದ ಹಾಗೆ. ಬೆರಳು ನೋಡಿದರು, ಇರುವೆಯ ಕತೆ ಕೇಳಿದರು, ಒಂದು ಗಾಜಿನ ನಳಿಗೆಗೆ ಮಯಿಲುತುತ್ತದ ಬಣ್ಣದ ನೀಲಿ ಔಷಧ ಹಾಕಿದರು. ಅದಕ್ಕೆ ನನ್ನದೊಂದಿಷ್ಟು ಹನಿ ಸೇರಿಸಿ ದೀಪದ ಮೇಲೆ ಹಿಡಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ನೋಡನೋಡುತ್ತ ಸುಟ್ಟ ಇಟ್ಟಂಗಿಯ ಕೆಂಪಿಗೆ ಬಂದು ನಿಂತಿತು. ನಾನು ಬೆರಗಾಗಿ, “ಭಾರೀ ಐತಲ್ರಿ!” ಎಂದೆ.

“ಭಾರೀನ ಐತಿ, ಸಾಹುಕಾರ್ರ. ಇದು ಸಕ್ಕರಿ ಬ್ಯಾನಿ” ಎಂದರು ಡಾಕ್ಟರು. “ಸಕ್ಕರಿ ಇಳೀಲಿಲ್ಲಂದ್ರ ಈ ಗಾಯ ಮಾಯೂದಿಲ್ಲ. ಸಕ್ಕರಿ ಇಳೀಬೇಕಂದ್ರ ನೀವು ಅನ್ನ ಬಿಡಬೇಕು.”

“ಬಿಡದಿದ್ರರಿ?”

“ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಹೋಗಿ ಬೆರಳು ಬಿಟ್ಟು ಬರ್ರಿ. ಬರೇ ಬೆರಳಿಗೆ ನಿಂತ್ರ ನಿಮ್ಮ ದೈವ. ಪಾದಕ್ಕ ಏರಿದ್ರ ಪಾದಾ ಬಿಟ್ಟು ಬರಬೇಕಾಗತೈತಿ.”

ಮನೆಗೆ ಹೊರಟೆ. ಹೆದರಿದ್ದೆ, ಮುಚ್ಚಿಟ್ಟು ಏನು ಮಾಡಲಿ. ದಾರಿಯಲ್ಲಿ ಎಡಗಾಲು ನೆಲಕ್ಕೆ ಊರುವಾಗೆಲ್ಲ ಇದು ನನ್ನದೇ ಕಾಲು, ಇಷ್ಟು ವರ್ಷ ಇದರ ಕಡೆಗೆ ನಾನು ನೋಡಿಯೇ ಇರಲಿಲ್ಲವಲ್ಲ ಎನಿಸಿತು. ಅದೇ ಹೊತ್ತಿಗೆ ಪ್ರತಿ ಮನೆಯಿಂದಲೂ ಅನ್ನ ಬಸಿಯುವ ಗಂಜಿಯ ವಾಸನೆ ಬರುತ್ತಿತ್ತು, ಮೂಗು ಅದರ ಕಡೆಗೇ ತಿರುಗುತ್ತಿತ್ತು. ಒಂದೇ ಮೈಯಲ್ಲಿ ಕಾಲು ಒಂದು ಪಕ್ಷ, ಮೂಗು ಇನ್ನೊಂದು ಪಕ್ಷ.

ಮನೆಯಲ್ಲಿ ವಿಷಯ ಹೇಳಿದೆ. ನನ್ನ ಹೆಂಡತಿ ಗಂಗವ್ವ ಅಡುಗೆಮನೆಯ ಬಾಗಿಲಿಗೆ ಒರಗಿ ಸೆರಗು ಬಾಯಿಗೆ ಹಿಡಿದು ನಿಂತಳು. ಅವ್ವ ಮಾತ್ರ ನಕ್ಕುಬಿಟ್ಟಳು.

“ಇಷ್ಟಽ ಏನು? ನಾ ಏನರ ಅನ್ಕೊಂಡಿದ್ದೆ. ಅನ್ನ ಬಿಡೂದು ದೊಡ್ಡ ಮಾತೇನೋ? ನಾ ಸೋಮವಾರಕ್ಕೊಮ್ಮಿ ಬಿಡ್ತೇನಿ. ನೀ ದಿನಾ ಸೋಮವಾರ ಅಂತ ತಿಳ್ಕೊ.”

ದಿನಾ ಸೋಮವಾರ! ನನ್ನ ಕಿವಿಗೆ ಜೇನು ಹೊಯ್ದಂತಾಯಿತು. ನಿಮ್ಮ ಮನೆಯ ಉಪವಾಸ ಹೇಗೋ ನನಗೆ ಗೊತ್ತಿಲ್ಲ, ನಮ್ಮ ಮನೆಯ ಉಪವಾಸದಲ್ಲಿ ಹಸಿದವರನ್ನು ನಾನು ಕಂಡಿಲ್ಲ. ಬೇಯಿಸಿದ ಅನ್ನ ಮುಟ್ಟಬಾರದು, ಅಷ್ಟೇ. ಅನ್ನದ ಬದಲಿಗೆ ಮಾಡುವ ಫಳಾರಕ್ಕೆ ಯಾವ ಮಿತಿಯೂ ಇರಲಿಲ್ಲ. ಸಣ್ಣವನಿದ್ದಾಗ ಶ್ರಾವಣದ ಸೋಮವಾರಗಳನ್ನು ನಾನು ಸವಣೂರಿನ ಅಜ್ಜನ ಮನೆಯಲ್ಲಿ ಕಳೆಯುತ್ತಿದ್ದೆ. ಎಲೆಬಳ್ಳಿಯ ತೋಟದಿಂದ ಅಜ್ಜ ಬರುವ ಹೊತ್ತಿಗೆ ಕೆಂಡದಲ್ಲಿ ಸುಟ್ಟ ಗೆಣಸು, ಬೆಲ್ಲ ಕೊಬ್ಬರಿ ಕಲಸಿದ ಅವಲಕ್ಕಿ, ಶೇಂಗಾ ಉಂಡಿ, ಸಾಬೂದಾಣಿಯ ಪಾಯಸ, ಬಾಳೆಹಣ್ಣು, ಖಜೂರಿ, ಎಲ್ಲ ಸಾಲಾಗಿ ಕೂತಿರುತ್ತಿದ್ದವು. ಸವಣೂರಿನ ಖಾರದ ಅಂಗಡಿಗಳ ಮುಂದೆ ಹಾದು ಹೋಗುವಾಗ ಬಾಣಲೆಯ ವಾಸನೆಗೆ ಕಾಲು ತಾನೇ ನಿಲ್ಲುತ್ತಿತ್ತು. ಆದರೆ ಸೋಮವಾರ ಖಾರದ ಆಸೆಯೂ ಆಗುತ್ತಿರಲಿಲ್ಲ, ಹೊಟ್ಟೆಯಲ್ಲಿ ಜಾಗವಿದ್ದರೆ ತಾನೇ. ಶಿವರಾತ್ರಿಯ ಮರುದಿನ ನಾನು ಅಳುತ್ತಿದ್ದೆನಂತೆ, “ಇವತ್ತೂ ಶಿವರಾತ್ರಿ ಮಾಡೂಣು” ಎಂದು.

ಹೀಗಾಗಿ ನಾನು ಅನ್ನವನ್ನು ಅತಿ ಉತ್ಸಾಹದಿಂದ ಬಿಟ್ಟೆ. ಅವ್ವ ಸೆರಗು ಕಟ್ಟಿ ನಿಂತಳು. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಗೆಣಸು ಆಲೂಗಡ್ಡೆ, ಸಂಜೆ ಸಾಬೂದಾಣಿ, ನಡುನಡುವೆ ಶಕ್ತಿ ಕುಂದಬಾರದೆಂದು ಉಂಡಿ. ಮಾದರಿಯ ಅನ್ನವನ್ನು ಸ್ವಲ್ಪ ದಿನ ನಿಲ್ಲಿಸಿ, ಬಂದ ಮಾಲನ್ನು ಕಣ್ಣಂದಾಜಿನಿಂದಲೇ ಕೊಂಡೆ. ಎಂಥ ತ್ಯಾಗ ಎಂದು ನನಗೆ ನನ್ನ ಮೇಲೆಯೇ ಗೌರವ ಬಂತು. ವ್ಯಾಪಾರಕ್ಕೆ ಸವಣೂರಿಗೆ ಹೋದಾಗ ಪರಿಚಯದ ಅಡತಿ ದಲಾಲರ ಮನೆಯವರು ಊಟಕ್ಕೆ ಎಬ್ಬಿಸಿದರು. ನಮ್ಮ ಕಡೆ ಊಟ ಬೇಡ ಎಂದರೆ ಜಗಳ ಬಯಸಿದ ಹಾಗೆ. ಸಕ್ಕರೆ ಬೇನೆ ಎಂದು ಹೇಳಲು ನಾಚಿಕೆ. “ವ್ರತಾ ಐತ್ರಿ, ಅನ್ನ ಉಣ್ಣೂದಿಲ್ಲ” ಎಂದೆ. ಆ ಮನೆಯ ಯಜಮಾನಿತಿ ಕೈ ಮುಗಿದು, “ಅಯ್ಯ, ಮೊದಲಽ ಹೇಳಬಾರದೇನ್ರಿ, ಫಳಾರಕ್ಕ ಕುಂದರ್ರಿ” ಎಂದು ತಟ್ಟೆಯ ತುಂಬ ಸಿಹಿ ಅವಲಕ್ಕಿ ತಂದು, ಮೇಲೆ ಎರಡು ಬಾಳೆಹಣ್ಣು ಕಿವುಚಿದಳು. ದಾರಿಗೆಂದು ಉಂಡಿಯ ಗಂಟನ್ನೂ ಕಟ್ಟಿಕೊಟ್ಟಳು. ಮೋಟಾರಿನಲ್ಲಿ ಬರುತ್ತ ಆ ಗಂಟನ್ನು ಬಿಚ್ಚಿ, ಮನುಷ್ಯ ಮನಸ್ಸು ಮಾಡಿದರೆ ಏನೂ ಕಷ್ಟವಲ್ಲ ಎಂದು ಯೋಚಿಸಿದೆ.

ಹೇಳಿದ ದಿನ ಡಾಕ್ಟರ ಮುಂದೆ ಹೋಗಿ ಎದೆ ಉಬ್ಬಿಸಿ ಕೂತೆ. ನಳಿಗೆ ದೀಪದ ಮೇಲೆ ಏರಿತು. ಹಸಿರು, ಹಳದಿ ಎಂದು ದಾರಿಯಲ್ಲಿ ಎಲ್ಲಿಯೂ ನಿಲ್ಲದೆ ನೀಲಿ ಒಂದೇ ನೆಗೆತಕ್ಕೆ ಕೆಂಪಾಯಿತು. ಪಟ್ಟಿ ಬಿಚ್ಚಿದರೆ ಬೆರಳಿನ ಕಪ್ಪು ಗೆಣ್ಣಿನ ತನಕ ಏರಿತ್ತು. ಡಾಕ್ಟರ ಮುಖ ಸಣ್ಣದಾಯಿತು.

“ಅನ್ನ ಬಿಟ್ಟೀರಿ?”

“ದೇವರ ಆಣಿ ಮಾಡಿ ಹೇಳ್ತೇನ್ರಿ, ಒಂದ ಅಗಳು ಮುಟ್ಟಿಲ್ಲ.”

“ಮತ್ತ ಏನ ಉಣ್ಣಾಕತ್ತೀರಿ?”

ನಾನು ಹೆಮ್ಮೆಯಿಂದ ಒಂದೊಂದೇ ಹೇಳುತ್ತ ಹೋದೆ. ಗೆಣಸು ಎನ್ನುವಾಗ ಅವರು ಕನ್ನಡಕ ತೆಗೆದರು. ಸಾಬೂದಾಣಿ ಎನ್ನುವಾಗ ಹಣೆಗೆ ಕೈ ಹಚ್ಚಿದರು. ಬೆಲ್ಲದ ಅವಲಕ್ಕಿಗೆ ಬರುವ ಹೊತ್ತಿಗೆ ಎದ್ದು ನಿಂತು ಚೀಲ ಕೈಗೆ ತೆಗೆದುಕೊಂಡಿದ್ದರು. “ನಡೀರಿ ನಿಮ್ಮ ಮನಿಗೆ. ನಿಮಗ ಹೇಳಿ ಉಪಯೋಗ ಇಲ್ಲ, ಅಡಗಿ ಮನಿಗೆ ಹೇಳಬೇಕು. ಇದರಕಿಂತ ನೀವು ಅನ್ನಾ ಉಂಡಿದ್ರಽ ಚಲೋ ಇತ್ತು!”

ಡಾಕ್ಟರು ನಮ್ಮ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು, ಅವ್ವನಿಗೆ ಕೈ ಮುಗಿದರು. “ಅವ್ವಾರ, ಇದು ದೇವರ ಉಪವಾಸ ಅಲ್ರಿ. ಗೆಣಸು ಉಂಡ್ರ ದೇವರು ಸಿಟ್ಟಾಗೂದಿಲ್ಲ, ಈ ಬ್ಯಾನಿ ಸಿಟ್ಟಾಗತೈತಿ. ಅನ್ನ, ಅವಲಕ್ಕಿ, ಗೆಣಸು, ಸಾಬೂದಾಣಿ, ಹೊಟ್ಟಿಯೊಳಗ ಹೋದ ಮ್ಯಾಲ ಎಲ್ಲಾ ಒಂದಽ ಜಾತಿ.”

ಅವ್ವನಿಗೆ ಸಿಟ್ಟು ಬಂತು. “ಹಂಗಾರ ನನ್ನ ಮಗಾ ಏನ ಉಣ್ಣಬೇಕ್ರಿ? ಎತ್ತಿನ ಮುಂದಿನ ಹುಲ್ಲ ಹಾಕ್ಲೇನು?”

“ಒಮ್ಮಿಗೇ ಎಲ್ಲಾ ಬಿಡಂತ ನಾ ಅನ್ನೂದಿಲ್ಲ. ಮೊದಲ ಬೆಲ್ಲಾ ಸಕ್ಕರಿ ಬಿಡ್ಲಿ. ಅದು ರೂಢಿ ಆದ ಮ್ಯಾಲ ಗಡ್ಡಿ ಗೆಣಸು. ಆಮ್ಯಾಲ ರೊಟ್ಟಿ ಸಣ್ಣ ಮಾಡ್ಕೋತ ಬರ್ರಿ. ಮೈಗೆ ಗೊತ್ತಾಗಧಂಗ ಇಳಿಸ್ರಿ.”

ಆಗ ಅಡುಗೆಮನೆಯ ಬಾಗಿಲ ಹಿಂದಿನಿಂದ ಒಂದು ದನಿ ಬಂತು. ಪರಗಂಡಸರ ಮುಂದೆ ಗಂಗವ್ವ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ಬದನಿಕಾಯಿ ನಡೀತೈತ್ರಿ?”

ಡಾಕ್ಟರು ಬಾಗಿಲಿನ ಕಡೆ ತಿರುಗಿದರು. “ನಡೀತೈತಿ.”

“ಗುರೆಳ್ಳ ಹಾಕಿದ್ರ?”

“ನಡೀತೈತಿ.”

“ಶೇಂಗಾ ಚಟ್ನಿರಿ? ಮೆಂತೆ ಪಲ್ಲೆ? ಕೆನಿಮಸರು? ಬೆಣ್ಣಿ?” ದನಿ ಏರುತ್ತ ಹೋಯಿತು. ಬಾಗಿಲ ಸಂದಿಯಲ್ಲಿ ಮೊದಲು ಬಳೆ ಕಂಡವು, ಆಮೇಲೆ ಸೆರಗು, ಆಮೇಲೆ ಅರ್ಧ ಮುಖ. “ಹೀರಿಕಾಯಿ? ಸವತಿಕಾಯಿ? ಪುಂಡಿಪಲ್ಲೆಕ್ಕ ನುಚ್ಚು ಹಾಕದಽ ಬರೇ ಬ್ಯಾಳಿ ಹಾಕಿದ್ರ?”

“ಎಲ್ಲಾ ನಡೀತೈತಿ ತಾಯಿ, ಎಲ್ಲಾ ನಡೀತೈತಿ!” ಡಾಕ್ಟರಿಗೂ ಹುರುಪು ಬಂದಿತ್ತು. “ಹಾಗಲಕಾಯಿ ಅಂತೂ ಎಷ್ಟ ಬೇಕಾದ್ರೂ!”

ಕೊನೆಯ ಮಾತು ಅವರು ಸೇರಿಸದಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಹೋಗುವ ಮುಂಚೆ ಒಂದು ನಳಿಗೆ, ಒಂದು ಬಾಟಲಿ ನೀಲಿ ಔಷಧ, ಒಂದು ಸಣ್ಣ ದೀಪ ಕೊಟ್ಟು, ಮನೆಯಲ್ಲೇ ಹೇಗೆ ನೋಡಿಕೊಳ್ಳಬೇಕು ಎಂದು ತೋರಿಸಿ ಹೋದರು.

ಮರುದಿನದಿಂದ ಅಡುಗೆಮನೆಯ ಯಜಮಾನಿಕೆ ಗಂಗವ್ವನದಾಯಿತು. ನಾವು ಹುಟ್ಟಿದಾಗಿನಿಂದ ರೊಟ್ಟಿಗೆ ಪಲ್ಲೆ ಹಚ್ಚಿಕೊಂಡು ಉಂಡವರು. ಆಕೆ ಇಡೀ ಊಟವನ್ನೇ ತಿರುಗಿಸಿ ಹಾಕಿದಳು. ತಟ್ಟೆಯ ತುಂಬ ಪಲ್ಲೆ, ಅದಕ್ಕೆ ಹಚ್ಚಿಕೊಳ್ಳಲು ಇಷ್ಟು ರೊಟ್ಟಿ! ಗುರೆಳ್ಳು, ಶೇಂಗಾ, ಹುಣಸೆ ತುಂಬಿ ಎಣ್ಣೆಯಲ್ಲಿ ಬೇಯಿಸಿದ ಎಳೆ ಬದನೆಕಾಯಿ. ಹಸಿ ಮೆಂತೆ ಸೊಪ್ಪಿಗೆ ಉಳ್ಳಾಗಡ್ಡಿ ಹೆಚ್ಚಿ, ಕಾದ ಎಣ್ಣೆಯ ಒಗ್ಗರಣೆ ಸುರಿದ ಪಚಡಿ. ಹೀರೇಕಾಯಿಯ ತಿರುಳು ಪಲ್ಲೆಗೆ, ಸಿಪ್ಪೆ ಚಟ್ನಿಗೆ. ಎಲ್ಲದರ ಮೇಲೆ ಗಟ್ಟಿ ಕೆನೆಮೊಸರು. ಬೆಲ್ಲ ನಿಂತ ಮೊದಲ ದಿನಗಳಲ್ಲಿ ನನಗೆ ತಲೆ ಸಿಡಿಯುತ್ತಿತ್ತು, ಗಿರಾಕಿಗಳ ಮೇಲೆ ಸುಮ್ಮಸುಮ್ಮನೆ ಹರಿಹಾಯುತ್ತಿದ್ದೆ, ಚಹಾ ಕುಡಿದರೆ ಬೇವಿನ ಕಷಾಯ ಕುಡಿದಂತಾಗುತ್ತಿತ್ತು. ಸ್ವಲ್ಪ ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಸಕ್ಕರೆಯಿಲ್ಲದ ಹಾಲು ಕುಡಿದು, “ಇದಕ್ಕ ಸಕ್ಕರಿ ಯಾರ ಹಾಕ್ಯಾರ?” ಎಂದು ಕೂಗಾಡಿದೆ. ಯಾರೂ ಹಾಕಿರಲಿಲ್ಲ. ಹಾಲು ತಾನೇ ಇಷ್ಟು ಸಿಹಿ ಇರುತ್ತದೆಂದು ನನಗೆ ಆವತ್ತು ಗೊತ್ತಾಯಿತು.

ರೊಟ್ಟಿಯ ವಿಷಯದಲ್ಲಿ ಗಂಗವ್ವ ಜಾಣತನ ಮಾಡಿದಳು. ಹೇಳದೆ ಕೇಳದೆ ದಿನಕ್ಕೆ ಇಷ್ಟಿಷ್ಟೇ ತೆಳ್ಳಗೆ ಬಡಿಯುತ್ತ ಬಂದಳು. ಅಗಲ ಅಷ್ಟೇ ಇದ್ದುದರಿಂದ ನನಗೆ ತಿಳಿಯಲೇ ಇಲ್ಲ. ಒಂದು ದಿನ ರೊಟ್ಟಿಯನ್ನು ಎತ್ತಿ ಹಿಡಿದರೆ ಆಚೆ ಕಡೆಯ ಕಿಟಕಿ ಕಂಡಿತು. “ಏ, ಇದು ರೊಟ್ಟಿನೋ ಹಪ್ಪಳನೋ?” ಎಂದೆ. “ಉಣ್ರಿ, ಹೊಟ್ಟಿ ತುಂಬಿದ ಮ್ಯಾಲ ಹೆಸರ ಹೇಳ್ರಿ” ಎಂದಳು. ಹೊಟ್ಟೆ ತುಂಬಿಯೇ ಇತ್ತು.

ಇನ್ನು ಕಾಯಿಪಲ್ಲೆಯ ಬೇಟೆ! ಮುಂಚೆ ಊರೂರು ತಿರುಗುತ್ತಿದ್ದುದು ಅಕ್ಕಿಗಾಗಿ. ಈಗ ಶಿಗ್ಗಾಂವಿ ಸಂತೆಗೆ ಹೋದರೆ ಅಕ್ಕಿಯ ಸಾಲು ಬಿಟ್ಟು ಮೊದಲು ಕಾಯಿಪಲ್ಲೆಯ ಸಾಲ ಕಡೆ ಓಡುತ್ತಿದ್ದೆ. ದುಂಡಸಿಯಿಂದ ಬುಟ್ಟಿ ಹೊತ್ತು ಬರುತ್ತಿದ್ದ ಹೆಣ್ಣುಮಗಳ ಮುಳ್ಳುಬದನೆ ಕಂಡರೆ ಒಂದು ಕಾಲಕ್ಕೆ ಅಂಬೆಮೋರಿ ಕಂಡಾಗ ಆಗುತ್ತಿದ್ದ ಸಂತೋಷವೇ ಆಗುತ್ತಿತ್ತು. ಕುಂಟುತ್ತಲೇ ಓಡುತ್ತಿದ್ದೆ, ಬುಟ್ಟಿ ಖಾಲಿಯಾದೀತೆಂಬ ಅವಸರ.

ಆದರೆ ವ್ಯಾಪಾರ? ಕಣ್ಣಂದಾಜಿನಿಂದ ಕೊಂಡ ಎರಡು ಮಾಲು ಬರೀ ಮುಗ್ಗಲು ಅಕ್ಕಿಯಾಗಿ, ಗಿರಾಕಿಗಳು ಹಿಂದಕ್ಕೆ ಹೊತ್ತು ತಂದು ಹಾಕಿದ್ದರು. ಮತ್ತೆ ಮಾದರಿ ಬೇಯಿಸಲೇಬೇಕಾಯಿತು. ನನಗೊಂದು ಉಪಾಯ ಹೊಳೆಯಿತು. ಅನ್ನವನ್ನು ಬಾಯಿಗೆ ಹಾಕಿಕೊಂಡು, ಅಗಿದು, ರುಚಿ ನೋಡಿ, ಉಗುಳಿದರಾಯಿತು. ಹಿರೇಕೆರೂರಿನಿಂದ ಅಂತರಸಾಲಿ ಅಕ್ಕಿ ತಂದ ಒಬ್ಬ ಹಿರಿಯರು ಕಟ್ಟೆಯ ಮೇಲೆ ಕೂತಿದ್ದರು. ನಾನು ಅಗಿದೆ, ಕಣ್ಣು ಮುಚ್ಚಿದೆ, ಬಗ್ಗಿ ಚರಿಗೆಯಲ್ಲಿ ಉಗುಳಿದೆ. ತಲೆ ಎತ್ತಿದರೆ ಆ ಹಿರಿಯರು ಎದ್ದು ನಿಂತಿದ್ದರು.

“ಅನ್ನ ಉಗಳ್ತೀರಿ? ನಾ ಬೆಳದ ಅನ್ನ ನನ್ನ ಕಣ್ಣ ಮುಂದಽ ಉಗಳ್ತೀರಿ? ನಿಮ್ಮಪ್ಪನ ಕಾಲದಿಂದ ಬರಾಕತ್ತೇನಿ, ಇನ್ನ ಈ ಕಟ್ಟಿ ಹತ್ತೂದಿಲ್ಲ!” ಎಂದು ಚೀಲದ ಬಾಯಿ ಕಟ್ಟತೊಡಗಿದರು. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು?

ಅಷ್ಟರಲ್ಲಿ ಅವ್ವ ಹೊರಗೆ ಬಂದಳು. ಅಡುಗೆಮನೆ ಕೈಬಿಟ್ಟ ದಿನದಿಂದ ಆಕೆ ಮುಖ ಗಂಟು ಹಾಕಿಕೊಂಡು ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದಳು. “ಕುಂದರ್ರಿ ಯಜಮಾನ್ರ. ನನ್ನ ಮಗಗ ಬ್ಯಾನಿ ಐತಿ, ಅನ್ನ ಸೇರೂದಿಲ್ಲ. ನನಗ ಸೇರತೈತಿ” ಎಂದು ಹೊಸ್ತಿಲ ಒಳಗೆ ಕೂತು, ಬೋಗುಣಿಯನ್ನು ತನ್ನ ಕಡೆ ಎಳೆದುಕೊಂಡಳು. ನಿಧಾನವಾಗಿ ಉಂಡಳು. ಸಾರಿನಲ್ಲಿ ಒಂದು ತುತ್ತು, ಮೊಸರಿನಲ್ಲಿ ಒಂದು ತುತ್ತು. ಆಮೇಲೆ ತಲೆ ಎತ್ತದೆ, “ಅಕ್ಕಿ ಬಂಗಾರದಂಥಾದ್ದೈತಿ. ಆದ್ರ ತೂಕಕ್ಕಂತ ಒಂದೀಟ ನೀರ ಚಿಮಕಿಸೀರಿ” ಎಂದಳು.

ಹಿರಿಯರು ಮುಂಡಾಸು ಸರಿಪಡಿಸಿಕೊಳ್ಳುವ ನೆವದಲ್ಲಿ ಆಚೆ ನೋಡಿದರು. ಆಮೇಲೆ ನಕ್ಕರು. ಮಾಲು ನಮ್ಮಲ್ಲೇ ಇಳಿಯಿತು. ಅಂದಿನಿಂದ ನಮ್ಮ ಅಂಗಡಿಯ ಮಾದರಿ ಅವ್ವನ ಪಾಲಿಗೆ ಹೋಯಿತು. ಆಕೆಯ ಮುಖದ ಗಂಟು ಬಿಚ್ಚಿತು, ಅಂಗಡಿಯ ಹೆಸರೂ ಏರಿತು. ನಾನು ಉಣ್ಣುತ್ತಿದ್ದ ಕಾಲದಲ್ಲಿ ಎಲ್ಲ ಅಕ್ಕಿಯೂ ನನಗೆ ಚಲೋ ಎಂದೇ ಅನಿಸುತ್ತಿತ್ತು ಎಂಬುದು ಆಗ ಬಯಲಿಗೆ ಬಂತು.

ಈಗ ಹಿತ್ತಲಿಗೆ ಬನ್ನಿ. ನಳಿಗೆ ಕುದಿಸುವ ಕೆಲಸಕ್ಕೆ ಅಡುಗೆಮನೆಯ ಹತ್ತಿರ ಸುಳಿಯಕೂಡದೆಂದು ಅವ್ವನ ಕಟ್ಟಪ್ಪಣೆ. ದನದ ಕೊಟ್ಟಿಗೆಯ ಮಗ್ಗುಲಲ್ಲಿ ಒಂದು ಕಲ್ಲಿನ ಮೇಲೆ ದೀಪ ಹಚ್ಚಿಕೊಂಡು ಕೂರುತ್ತಿದ್ದೆ. ಮಕ್ಕಳು ಸುತ್ತ ಮುತ್ತಿಕೊಳ್ಳುತ್ತಿದ್ದರು. ಅವ್ವ ದೂರದಿಂದ ಮೂಗು ಮುಚ್ಚಿಕೊಂಡು, ಆದರೂ ಕತ್ತು ಚಾಚಿ ನೋಡುತ್ತಿದ್ದಳು. ಮಗ್ಗುಲು ಮನೆಯವರು ಗೋಡೆಯ ಮೇಲಿಂದ, “ಯಾವ ಬಣ್ಣ ಬಂತ್ರಿ?” ಎಂದು ಕೇಳುವಷ್ಟರ ಮಟ್ಟಿಗೆ ಸುದ್ದಿ ಹಬ್ಬಿತ್ತು. ಇಟ್ಟಂಗಿ ಬಣ್ಣ ಕಿತ್ತಳೆಗೆ ಇಳಿದ ದಿನ ಮಕ್ಕಳು ಕುಣಿದರು. ಕಿತ್ತಳೆ ಹಳದಿಗೆ ಬಂದು ಬಹಳ ದಿನ ಅಲ್ಲೇ ಮೊಂಡು ಹಿಡಿದು ಕೂತಿತು. ಆಗ ನನ್ನ ಧೈರ್ಯ ಉಡುಗಿತು. ಬೆರಳು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತಿತ್ತು, ಹುಬ್ಬಳ್ಳಿಯ ಮಾತನ್ನು ಡಾಕ್ಟರು ಇನ್ನೂ ಹಿಂತೆಗೆದುಕೊಂಡಿರಲಿಲ್ಲ. “ಇನ್ನ ಏನ ಬಿಡ್ಲಿ? ಬಿಡಾಕ ಏನ ಉಳದೈತಿ?” ಎಂದು ನಾನು ನಳಿಗೆಯನ್ನು ಎಸೆಯಲು ಹೋದೆ. ಗಂಗವ್ವ ಅದನ್ನು ಕೈಯಿಂದ ತೆಗೆದುಕೊಂಡು ತೊಳೆದು ಒಣಗಲಿಟ್ಟಳು. “ನಾಳಿ ನೋಡೂಣ್ರಿ” ಎಂದಳು, ಅಷ್ಟೇ. ಮರುದಿನದಿಂದ ರೊಟ್ಟಿ ಇನ್ನೂ ತೆಳ್ಳಗಾಯಿತು. ಹಾಗಲಕಾಯಿ ಬೆಳಿಗ್ಗೆಯೂ ಬಂತು.

ಹಳದಿ ಹಸಿರಾಯಿತು! ಹಸಿರು ದಿನದಿಂದ ದಿನಕ್ಕೆ ತಿಳಿಯಾಯಿತು. ಒಂದು ಮುಂಜಾನೆ ಎಷ್ಟು ಕುದಿಸಿದರೂ ನೀಲಿ ನೀಲಿಯಾಗಿಯೇ ನಿಂತಿತು. ದೀಪ ಆರಿದೆಯೇನೋ ಎಂದು ಬಗ್ಗಿ ನೋಡಿದೆ. ಉರಿಯುತ್ತಿತ್ತು. ಇಷ್ಟು ವಯಸ್ಸಾದ ಗಂಡಸು ಕೊಟ್ಟಿಗೆಯ ಮಗ್ಗುಲಲ್ಲಿ ನಿಂತು ಕೇಕೆ ಹಾಕಿದರೆ ಎಮ್ಮೆ ಹಗ್ಗ ಕಿತ್ತುಕೊಂಡು ಓಡದೆ ಏನು ಮಾಡೀತು? ಅದನ್ನು ಹಿಡಿದು ತರಲು ಮಕ್ಕಳು ಓಡಿದರು, ನಾನು ನಳಿಗೆಯನ್ನು ಹಿಡಿದುಕೊಂಡೇ ಡಾಕ್ಟರ ಮನೆಗೆ ಓಡಿದೆ.

ಡಾಕ್ಟರು ಮತ್ತೊಮ್ಮೆ ತಾವೇ ನೋಡಿದರು. ನೀಲಿ. ಪಟ್ಟಿ ಬಿಚ್ಚಿದರು. ಕಪ್ಪು ಸುಲಿದು ಹೋಗಿ ಗಾಯದ ಅಂಚಿನಲ್ಲಿ ಎಳೆ ಗುಲಾಬಿ ಬಣ್ಣದ ಚರ್ಮ ಕೂಡುತ್ತ ಬಂದಿತ್ತು. ಹೆಬ್ಬೆರಳಿನಿಂದ ಒತ್ತಿ, “ನೋಯ್ತೈತಿ?” ಎಂದರು.

“ಅಯ್ಯೋ, ನೋಯ್ತೈತ್ರಿ!” ಎಂದೆ. ನೋವಾಯಿತೆಂದು ನಾನು ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಇಬ್ಬರೂ ಗಟ್ಟಿಯಾಗಿ ನಕ್ಕೆವು.

“ಹುಬ್ಬಳ್ಳಿಗೆ ಹೋಗೂದು ಬ್ಯಾಡ. ಬೆರಳು ನಿಮ್ಮ ಕಡೇನ ಇರ್ಲಿ. ಇನ್ನ ಮಧ್ಯಾಹ್ನ ಒಂದ ಹಿಡಿ ಅನ್ನ ಉಣ್ರಿ” ಎಂದವರು, ನನ್ನ ಕೈಯನ್ನು ಒಮ್ಮೆ ನೋಡಿ, ತಮ್ಮ ಒಣಕಲು ಮುಷ್ಟಿಯನ್ನು ಎತ್ತಿ ತೋರಿಸಿದರು. “ನನ್ನ ಹಿಡಿ. ನಿಮ್ಮ ಹಿಡಿ ಅಲ್ಲ.”

ಆವತ್ತು ಮಧ್ಯಾಹ್ನ ಅಂಗಡಿ ಮುಚ್ಚಿದೆವು. ಅವ್ವ ತಾನೇ ಆರಿಸಿಟ್ಟ ಅಂಬೆಮೋರಿಯನ್ನು ಬೇಯಿಸಿದಳು. ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ. ಗಂಗವ್ವ ಪಲ್ಲೆ, ಪಚಡಿ, ಮೊಸರು ಎಲ್ಲ ಬಡಿಸಿ, ನಟ್ಟನಡುವೆ ಡಾಕ್ಟರ ಅಳತೆಯ ಒಂದು ಹಿಡಿ ಅನ್ನ ಇಟ್ಟಳು. ಬಿಸಿ ಅನ್ನಕ್ಕೆ ತುಪ್ಪ ಬಿತ್ತು. ಮೊದಲ ತುತ್ತನ್ನು ಅಗಿಯಲು ಮನಸ್ಸಾಗದೆ ಬಾಯಲ್ಲಿಯೇ ಇಟ್ಟುಕೊಂಡು ಕೂತೆ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಎರಡನೆಯ ತುತ್ತಿಗೆ ಕೈ ಹಾಕುವಾಗ ಗಂಗವ್ವ ಇನ್ನಷ್ಟು ತುಪ್ಪ ಹಾಕಲು ಬಗ್ಗಿದಳು. ಆಕೆಯ ಬಳೆಗಳು ಮುಂಗೈಯಿಂದ ಜಾರಿ ಮೊಣಕೈಯ ತನಕ ಹೋಗಿ ಮತ್ತೆ ಬಂದವು.

ಮುಖ ಎತ್ತಿ ನೋಡಿದೆ. ಕೊರಳಿನ ಎಲುಬು ಎದ್ದು ಕಾಣುತ್ತಿತ್ತು. “ಏ, ನಿನಗೇನಾಗೇತಿ? ಹಿಂಗ್ಯಾಕ ಸೊರಗೀದಿ?”

ಗಂಗವ್ವ ಸೆರಗಿನಿಂದ ಕೊರಳು ಮುಚ್ಚಿಕೊಂಡಳು. ಅವ್ವ ಹೇಳಿದಳು, “ಈಗ ಕಂಡಳೇನು ನಿನ್ನ ಕಣ್ಣಿಗೆ? ಆಕಿ ನೀ ಉಂಡ ತಟ್ಟೀಲಿ ಉಣ್ಣಾಕಿ ಹೌದಲ್ಲೋ? ನೀ ಅನ್ನ ಬಿಟ್ಟ ದಿನದಿಂದ ಆಕೀನೂ ಬಿಟ್ಟಾಳ. ಹಾಕ್ಕೊಳ್ಳ ಅಂತ ಎಷ್ಟ ಹೇಳೇನಿ. ಅವರ ತಟ್ಟಿಗೆ ಅನ್ನ ಬಿದ್ರ ಬೆರಳಿಗೆ ಆಗಿಬರೂದಿಲ್ಲ ಅಂತಾಳ.”

ಗಂಡ ಉಂಡು ಎದ್ದ ಮೇಲೆ ಅದೇ ತಟ್ಟೆಯಲ್ಲಿ ಬಡಿಸಿಕೊಂಡು ಹೆಂಡತಿ ಉಣ್ಣುವುದು ನಮ್ಮ ಕಡೆ ಎಲ್ಲ ಮನೆಗಳಲ್ಲಿ ನಡೆದು ಬಂದದ್ದು. ಅದನ್ನು ಯಾರೂ ಯೋಚಿಸಿ ಮಾಡುವುದಿಲ್ಲ. ಆ ತಟ್ಟೆಗೆ ಆಕೆ ಅನ್ನ ಹಾಕಿಕೊಳ್ಳಬಹುದಾಗಿತ್ತು, ಮನೆಯವರೆಲ್ಲರಿಗೆಂದು ಗಡಿಗೆಯ ತುಂಬ ದಿನಾಲೂ ಆಗುತ್ತಿತ್ತು. ಆ ಅನ್ನ ಬಸಿದು, ಬಡಿಸಿ, ನನ್ನ ಪಾಲಿನ ಹಾಗಲಕಾಯಿಯಲ್ಲೇ ಪಾಲು ತೆಗೆದುಕೊಂಡು ಎದ್ದಿದ್ದಳು.

“ಬ್ಯಾನಿ ನನಗ ಐತಿ. ನಿನಗೇನ ಐತೇನು?” ಎಂದೆ.

“ಬೆರಳು ನಿಮ್ಮದೊಂದಽ ಏನ್ರಿ?” ಎಂದಳು, ನೆಲ ನೋಡುತ್ತ.

ನಾನು ತಟ್ಟೆಯಲ್ಲಿ ಅರ್ಧ ಅನ್ನ ಒಂದು ಕಡೆಗೆ ಸರಿಸಿ ಎದ್ದೆ. ಅನ್ನ ಬಿಟ್ಟೇಳುವುದು ನಮ್ಮ ಮನೆಯಲ್ಲಿ ದೊಡ್ಡ ಪಾಪ. ಅವ್ವ ಬೈಯಲಿಲ್ಲ, ಮಕ್ಕಳನ್ನು ಕರೆದುಕೊಂಡು ಹೊರಗೆ ಹೋದಳು. ಕೈ ತೊಳೆದು ನಾನು ಅಂಗಡಿಗೆ ಹೋಗದೆ ತಿರುಗಿ ಬಂದು, ಎದುರು ಗೋಡೆಗೆ ಒರಗಿ ಕೂತೆ. ಗಂಗವ್ವ ತಟ್ಟೆಯ ಮುಂದೆ ಕೂತು ನಾನು ಏಳುವುದನ್ನು ಕಾದಳು. ನಾನು ಏಳಲಿಲ್ಲ. ಮದುವೆಯಾಗಿ ಅಷ್ಟು ವರ್ಷವಾಗಿತ್ತು, ದಿನಾ ಆಕೆಯ ಕೈಯಡುಗೆ ಉಂಡಿದ್ದೆ. ಆಕೆ ಉಣ್ಣುವುದನ್ನು ಮಾತ್ರ ನಾನು ಒಂದು ಸಲವೂ ನೋಡಿರಲಿಲ್ಲ.

ಬಹಳ ಹೊತ್ತಿನ ಮೇಲೆ ಆಕೆ ಒಂದು ತುತ್ತು ಕಲಸಿ ಬಾಯಿಯ ತನಕ ತಂದು, ನಿಲ್ಲಿಸಿ, ಕೆಂಪಾದ ಮುಖ ಎತ್ತದೆ ಹೇಳಿದಳು:

“ಹಿಂಗ ನೋಡ್ಕೋತ ಕುಂತ್ರ ನಾ ಹೆಂಗ ಉಣ್ಲಿ? ಅತ್ತಾಗ ತಿರುಗ್ರಿ.”

ನಾನು ತಿರುಗಲಿಲ್ಲ.